ಸೂಟಿಗೊಂದು ಸುತ್ತು: ಗುಮ್ಮಟದಿಂದ ಡೋಣಿ ದಂಡೆಗೆ

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ವಿಜಯಪುರದ ಗೋಡೆಗಳ ಮೇಲೆ ಬೇಸಿಗೆ ತರಗತಿಗಳ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಹತ್ತನೆಯ ತರಗತಿಗೆ ಕಾಲಿಡುವ ಮಕ್ಕಳಿಗಂತೂ ಸೂಟಿ ಎಂಬುದು ಹೆಸರಿಗೆ ಮಾತ್ರ. ಪಾಲಕರ ಚಿಂತೆಯೂ ಸುಳ್ಳಲ್ಲ. ಸೂಟಿ ಕೊಟ್ಟರೆ ಮಕ್ಕಳು ಹಿಂದೆ ಬಿದ್ದಾರು, ಕೊಡದಿದ್ದರೆ ಓದೇ ಬೇಸರವಾದೀತು. ಅನುಕೂಲಸ್ಥರು ಊಟಿಗೋ ಮಹಾಬಳೇಶ್ವರಕ್ಕೋ ಹೋಗಿಬರುತ್ತಾರೆ. ಉಳಿದವರ ಪಾಲಿಗೆ ಪ್ರವಾಸವೆಂದರೆ ಅಜ್ಜಿಯ ಊರು, ಇಲ್ಲವೇ ಜಾತ್ರೆ.

ನಗರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಂದೆಯ ಚಿಂತೆ ಸ್ವಲ್ಪ ಬೇರೆ. ಅವರ ಮಗಳು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಕುಳಿತು, ತಾಮ್ರದ ತಂತಿಗೆ ಬಣ್ಣ ಯಾಕೆ ಬಳಿದಿದ್ದಾರೆ, ಮೋಟಾರು ಯಾಕೆ ಸುಟ್ಟಿತು ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದಳು. ಒಂಬತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ‘ಇದು ಪರೀಕ್ಷೆಗೆ ಬರ್ತೈತೇನು?’ ವಿಜ್ಞಾನದಲ್ಲಿ 90 ಅಂಕ ತಂದರೆ ಕೈಗಡಿಯಾರ ಎಂದು ತಂದೆ ಆಸೆ ಹಚ್ಚಿದ್ದರು. ಹುಡುಗಿ ಓದಿದಳು. ಆದರೆ ಪುಸ್ತಕ ಮುಚ್ಚಿದ ಮೇಲೆ ವಿಜ್ಞಾನವೂ ಮುಚ್ಚಿಹೋಗುತ್ತಿತ್ತು.

ಇದು ಒಂದು ಮನೆಯ ಕಥೆಯಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನ ಎಂದು ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ನಂತರ ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರದಲ್ಲಿ ತೊಡಗಿದ್ದರು. ಆಟವಾಗಿದ್ದದ್ದು ಕೂಲಿಯಾಗಿ ಬದಲಾಗಿತ್ತು.

ಬೇಸಿಗೆ ತರಗತಿ ಆರಂಭವಾಗುವ ಮುನ್ನ ಮೂರು ದಿನ ಅಂಗಡಿ ಮುಚ್ಚಿ, ಮಗಳು ಮತ್ತು ಆರನೆಯ ತರಗತಿಯ ಮಗನನ್ನು ಜಿಲ್ಲೆಯೊಳಗೇ ಸುತ್ತಿಸಲು ಆ ತಂದೆ ನಿಶ್ಚಯಿಸಿದರು. ಷರತ್ತು ಒಂದೇ: ದಿನಕ್ಕೊಂದು ಪ್ರಶ್ನೆ ಹಿಡಿದು ತರಬೇಕು. ಉತ್ತರಕ್ಕೆ ಅವಸರವಿಲ್ಲ.

ಪಿಸುಮಾತಿನ ಗುಮ್ಮಟ

ಮೊದಲ ದಿನ ಗೋಲಗುಮ್ಮಟ. ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಡಿಮೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹಿಯ ಈ ಸಮಾಧಿಯ ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕವನ್ನು ವೃತ್ತವಾಗಿಸಿ ಗುಮ್ಮಟವನ್ನು ಹೊತ್ತಿವೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಕಮಾನುಗಳ ಭಾರ ಅದನ್ನು ತಡೆದು ಹಿಡಿಯುತ್ತದೆ.

ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಗೆ ಬಂದಾಗ ಮಗ ಎಲ್ಲರಂತೆ ಕೂಗಿದ. ಮಗಳು ಸುಮ್ಮನೆ ನಿಂತು ಕೇಳಿದಳು: ‘ಅಪ್ಪಾ, ಮನ್ಯಾಗಿನ ಗ್ವಾಡಿನೂ ಗ್ವಾಡೀನ. ಅಲ್ಲಿ ಯಾಕ ಪ್ರತಿಧ್ವನಿ ಬರೂದಿಲ್ಲ?’

ತಂದೆ ಜೇಬಿನಿಂದ ಕೈಗಡಿಯಾರ ತೆಗೆದು ಅವಳ ಕೈಗಿಟ್ಟರು. ‘ಅಂಕದ ಮಾತು ಬಿಡವ್ವಾ. ಈಗ ಲೆಕ್ಕಕ್ಕ ಬೇಕಾಗ್ತೈತಿ, ಇಟಗೋ.’

ಲೆಕ್ಕ ಕಷ್ಟದ್ದಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಗೋಡೆಗೆ ಹೋಗಿ ಮರಳಲು 76 ಮೀಟರ್, ಅಂದರೆ ಸುಮಾರು 0.22 ಸೆಕೆಂಡು. ಎರಡು ಶಬ್ದಗಳ ನಡುವೆ ಸುಮಾರು 0.1 ಸೆಕೆಂಡಿನ ಅಂತರವಿದ್ದರೆ ಮಾತ್ರ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಅದಕ್ಕೆ ಗೋಡೆ ಕನಿಷ್ಠ 17 ಮೀಟರ್ ದೂರವಿರಬೇಕು. ಮನೆಯ ಕೋಣೆ ಅಷ್ಟು ದೊಡ್ಡದೆಲ್ಲಿ? ಇನ್ನು ಇಲ್ಲಿ ಪಿಸುಮಾತೂ ಎದುರು ಬದಿಗೆ ತಲುಪಲು ಕಾರಣ, ಬಾಗಿದ ಗೋಡೆಯನ್ನು ಅಂಟಿಕೊಂಡಂತೆ ಶಬ್ದ ಸಾಗುವುದು.

ಈ ಪಿಸುಮಾತು ಸರ್ ಸಿ.ವಿ. ರಾಮನ್‌ರನ್ನೂ ಸೆಳೆದಿತ್ತು. 1921ರ ಮೊದಲ ವಿದೇಶ ಪ್ರವಾಸದಲ್ಲಿ ಅವರು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯಲ್ಲಿ ಪ್ರಯೋಗ ನಡೆಸಿದರು. ಗೋಲಗುಮ್ಮಟದ ಗ್ಯಾಲರಿಯೂ ಅವರ ಅಭ್ಯಾಸದ ವಸ್ತುವಾಯಿತು. ಅದೇ ಪ್ರವಾಸದಲ್ಲಿ ಹಡಗಿನಿಂದ ಮೆಡಿಟರೇನಿಯನ್ ಸಮುದ್ರ ಕಂಡು, ನೀರೇಕೆ ಇಷ್ಟು ನೀಲಿ ಎಂದು ಕೇಳಿಕೊಂಡರು. ಆ ಪ್ರಶ್ನೆಯ ದಾರಿ 1928ರ ರಾಮನ್ ಪರಿಣಾಮಕ್ಕೂ, 1930ರ ನೊಬೆಲ್ ಪ್ರಶಸ್ತಿಗೂ ತಲುಪಿತು. ಪ್ರವಾಸ ಓದಿಗೆ ಅಡ್ಡಿ ಎನ್ನುವವರು ಇದನ್ನು ನೆನೆಯಬೇಕು.

ತಿಕೋಟಾದ ದ್ರಾಕ್ಷಿ

ಎರಡನೆಯ ದಿನ ಪಡುವಣ ದಾರಿ. ಮೊದಲು ಸಿಗುವುದು ತೊರವೆ. ‘ತೊರವೆ ರಾಮಾಯಣ’ದ ಕವಿ ಕುಮಾರ ವಾಲ್ಮೀಕಿಯ ಊರು. ಆದಿಲಶಾಹಿಗಳ ಕಾಲದಲ್ಲಿ ನಗರಕ್ಕೆ ನೆಲದೊಳಗಿನ ಸುರಂಗಗಳ ಮೂಲಕ ನೀರು ಹೋಗುತ್ತಿದ್ದದ್ದೂ ಇಲ್ಲಿಂದಲೇ. ನಗರದಲ್ಲಿ ಇಂದಿಗೂ ನಿಂತಿರುವ ‘ಗಂಜ್’ ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸಲು ಮತ್ತು ಹೂಳು ತಂಗಲು ಕಟ್ಟಿದವು.

ತಿಕೋಟಾ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಪಡ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿಯ ಹಂಗಾಮು. ಉದ್ದನೆಯ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಣ್ಣು ಹರಡಿರುತ್ತದೆ. ‘ಹೊರಗ ಇಷ್ಟ ಬಿಸಲೈತಿ, ನೆರಳಾಗ ಯಾಕ ಒಣಗಸ್ತಾರ?’ ಎಂಬುದು ಮಗನ ಪ್ರಶ್ನೆ. ನೇರ ಬಿಸಿಲಿಗೆ ಹಣ್ಣು ಕಂದಿಹೋಗುತ್ತದೆ. ನೆರಳಿನಲ್ಲಿ ಒಣಗಾಳಿಗೆ ಎರಡು ವಾರದಲ್ಲಿ ಒಣಗಿದರೆ ಹಸಿರು ಛಾಯೆ ಉಳಿಯುತ್ತದೆ. ಸಿಪ್ಪೆಯ ಮೇಲಿನ ಮೇಣದ ಪೊರೆ ನೀರನ್ನು ಹೊರಬಿಡದ ಕಾರಣ, ಮೊದಲು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದುತ್ತಾರೆ.

ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ‘ಉಳದ ಮೂರು ಕಿಲೋ ಎಲ್ಲಿ ಹೋತು?’ ಎಂದಳು ಮಗಳು. ಗಾಳಿಗೆ ಹೋಯಿತು, ಹೆಚ್ಚುಕಡಿಮೆ ಎಲ್ಲವೂ ನೀರೇ. ತಂದೆಗೆ ಈ ಪ್ರಶ್ನೆ ನಾಟಿತು. ಬರದ ವರ್ಷಗಳಲ್ಲಿ ಇದೇ ಸೀಮೆಯ ರೈತರು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡದ್ದನ್ನು ಅವರು ಕಂಡಿದ್ದರು. ಬತ್ತಿದ ಬೋರಿನಿಂದ ಎತ್ತಿದ ಸುಟ್ಟ ಮೋಟಾರುಗಳು ಅವರ ಅಂಗಡಿಗೇ ಬರುತ್ತಿದ್ದವು. ಒಂದು ಮುಷ್ಟಿ ಒಣದ್ರಾಕ್ಷಿಯ ಹಿಂದೆ ಎಷ್ಟು ನೀರು, ಎಷ್ಟು ಸಾಲ ಎಂಬುದನ್ನು ಅವರು ಮಕ್ಕಳಿಗೆ ಅಲ್ಲಿಯೇ ಹೇಳಿದರು. ಆ ಹೊತ್ತು ಪರೀಕ್ಷೆಗೆ ಬರುವುದೇ ಎಂದು ಯಾರೂ ಕೇಳಲಿಲ್ಲ.

ಬಬಲೇಶ್ವರದ ಹಾದಿ

ಮೂರನೆಯ ದಿನ ಬಬಲೇಶ್ವರದ ಕಡೆಗೆ. ದಾರಿಯಲ್ಲಿ ಸಾರವಾಡದ ಬಳಿ ಡೋಣಿ ನದಿ. ಬೇಸಿಗೆಯಲ್ಲಿ ಸಣಕಲು, ಉಪ್ಪು ನೀರು. ಮಳೆಗಾಲದಲ್ಲಿ ಉಕ್ಕಿ ಹೊಲ ನುಂಗುವ ಹೊಳೆ. ಆದರೂ ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬರ್ಥದ ಮಾತು ಈ ಎರೆನಾಡಿನಲ್ಲಿದೆ. ಬೇಸಿಗೆಯ ಎರೆ ಹೊಲದ ಬಿರುಕಿನಲ್ಲಿ ಮಗ ಮೊಣಕೈವರೆಗೆ ಕೈ ಇಳಿಸಿ ನೋಡಿದ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿಯೇ ಆ ಬಿರುಕಿಗೆ ಕಾರಣ.

ಈ ಭಾಗಕ್ಕೆ ಈಗ ಕೃಷ್ಣೆಯ ನೀರನ್ನು ಎತ್ತಿ ತರಲಾಗುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಅಂಥದೊಂದು ಯೋಜನೆ. ಮಹಮ್ಮದ್ ಆದಿಲಶಾಹಿಯ ಹೆಸರನ್ನೇ ಹೊತ್ತ ಮಮದಾಪುರದಲ್ಲಿ ಅವನ ಕಾಲದ ದೊಡ್ಡ ಕೆರೆಯಿದೆ. ಅದರ ಏರಿಯ ಮೇಲೆ ಕುಳಿತು ಮಗಳು ಲೆಕ್ಕ ಹಾಕಿದಳು. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು 9.8 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಹಾಗಾದರೆ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ‘ಇಷ್ಟರಾಗ ಆಗೂದಿಲ್ಲವ್ವಾ, ಮೋಟಾರ್‌ನ್ಯಾಗ ಒಂದಿಷ್ಟು, ಪಂಪಿನ್ಯಾಗ ಒಂದಿಷ್ಟು ಹಾಳಾಗ್ತೈತಿ’ ಎಂದರು ತಂದೆ. ‘ಯಾಕ ಹಾಳಾಗ್ತೈತಿ?’ ಎಂದಳು ಮಗಳು. ಬಹಳ ದಿನಗಳ ಮೇಲೆ ಅವಳು ತಂದೆಯ ಕೆಲಸದ ಬಗ್ಗೆ ಕೇಳಿದ ಪ್ರಶ್ನೆ ಅದು.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ರ ತಂದೆ ಸಮವಸ್ತ್ರದ ವ್ಯಾಪಾರದಲ್ಲಿದ್ದವರು, ವಿಜ್ಞಾನಿಯಲ್ಲ. ರಜೆಯಲ್ಲಿ ಮಗನನ್ನು ಕಾಡಿನಲ್ಲಿ ಸುತ್ತಿಸುತ್ತ, ಹಕ್ಕಿಯ ಹೆಸರು ತಿಳಿಯುವುದಕ್ಕಿಂತ ಅದು ಏನು ಮಾಡುತ್ತಿದೆ ಎಂದು ನೋಡುವುದು ದೊಡ್ಡದು ಎಂದು ಕಲಿಸಿದರು. ಮಗನಿಗೆ 1965ರಲ್ಲಿ ನೊಬೆಲ್ ಬಂತು. ಎಲ್ಲ ಮಕ್ಕಳಿಗೂ ನೊಬೆಲ್ ಬರಲಾರದು, ಬರಬೇಕಾಗಿಯೂ ಇಲ್ಲ. ಮೂರು ದಿನದ ಸುತ್ತಾಟದಿಂದ ಅಂಕ ಏರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಆ ಹುಡುಗಿ ಬೇಸಿಗೆ ತರಗತಿಗೂ ಹೋದಳು. ಆದರೆ ಪ್ರಶ್ನೆ ಬರೆಯಲು ಒಂದು ನೋಟುಬುಕ್ಕು ಬೇರೆ ಇಟ್ಟುಕೊಂಡಳು.

ತಿಕೋಟಾ ನಗರದಿಂದ ಸುಮಾರು 20 ಕಿ.ಮೀ., ಬಬಲೇಶ್ವರ ಸುಮಾರು 25 ಕಿ.ಮೀ. ಎರಡಕ್ಕೂ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸಾಕು. ನೀರು, ಟೊಪ್ಪಿಗೆ ಮರೆಯಬಾರದು. ದ್ರಾಕ್ಷಿ ಶೆಡ್ಡಿಗೆ ಹೋಗುವ ಮುನ್ನ ರೈತರ ಅಪ್ಪಣೆ ಕೇಳಬೇಕು. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಪಾಲಕರು ನಾಚಬೇಕಾಗಿಲ್ಲ, ಜೊತೆಗೂಡಿ ಹುಡುಕಿದರಾಯಿತು.