ಗೂಬೆಯ ಉಂಡೆ ಬಿಡಿಸುವ ಸುಖ

ಪಕ್ಷಿವೀಕ್ಷಣೆಯ ಖುಷಿಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಹಕ್ಕಿಯೇ ಕಣ್ಣಿಗೆ ಬೀಳದ ಒಂದು ಕೆಲಸ: ಗೂಬೆ ಕಕ್ಕಿದ ಉಂಡೆ ಬಿಡಿಸುವುದು. ಗೂಬೆ ಇಲಿಯನ್ನು ಅಗಿಯದೆ ನುಂಗುತ್ತದೆ. ಮಾಂಸ ಅರಗುತ್ತದೆ, ಅರಗದ ಕೂದಲು, ಮೂಳೆಗಳು ಉಂಡೆಗಟ್ಟಿ ಬಾಯಿಂದಲೇ ಹೊರಬೀಳುತ್ತವೆ. ಪಾಳುಬಾವಿಯ ಅಂಚಿನಲ್ಲೋ ಹಳೇ ಗೋದಾಮಿನ ತೊಲೆಯ ಕೆಳಗೋ ಬಿದ್ದ ಕಣಜ ಗೂಬೆಯ ಉಂಡೆಯನ್ನು ನೀರಲ್ಲಿ ನೆನೆಸಿ ಚಿಮಟದಿಂದ ಬಿಡಿಸಿದರೆ, ಬೂದು ತುಪ್ಪಳದ ನಡುವೆ ಇಡೀ ತಲೆಬುರುಡೆಯೇ ಸಿಗುತ್ತದೆ. ಉಳಿಯಂಥ ಬಾಗಿದ ಮುಂಬಲ್ಲು, ಅದರ ಹಿಂದೆ ಬರಿದು ಜಾಗ, ಆಮೇಲೆ ದವಡೆಹಲ್ಲು ಇದ್ದರೆ ಇಲಿ. ಸಣ್ಣ ಚೂಪು ಹಲ್ಲುಗಳು ಒತ್ತೊತ್ತಾಗಿದ್ದರೆ ಹುಳ ತಿನ್ನುವ ಸೊಂಡಿಲಿ. ಗೂಬೆ ರೈತನಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ನಂಬಿಕಸ್ತ ಸಾಕ್ಷಿ ಬೇಕಿಲ್ಲ.

ಇಲಿ ಹುಟ್ಟುವ ವೇಗಕ್ಕೆ ಗೂಬೆ ಎಲ್ಲಿ ಸಾಟಿ ಎನ್ನುವವರಿದ್ದಾರೆ. ಒಂಟಿ ಜೋಡಿಯ ಮಟ್ಟಿಗೆ ಆ ಮಾತು ನಿಜ. ಆದರೆ ಇಸ್ರೇಲಿನ ಬೇತ್ ಶೆಆನ್ ಕಣಿವೆಯಲ್ಲಿ 1983ರಿಂದ ಹೊಲಗಳಲ್ಲಿ ಗೂಡುಪೆಟ್ಟಿಗೆ ನೆಟ್ಟು ಕಣಜ ಗೂಬೆಗಳನ್ನು ಕರೆಸಿಕೊಂಡರು. ಮಲೇಷ್ಯಾದ ತಾಳೆ ತೋಟಗಳೂ ಇದೇ ದಾರಿ ಹಿಡಿದವು. ಗೂಬೆ ಹೆಚ್ಚಿದಷ್ಟೂ ಇಲಿವಿಷ ಕಡಿಮೆ ಸಾಕು, ಅದೇ ಅಲ್ಲಿನ ಲೆಕ್ಕ. ಎರಡನ್ನೂ ಒಟ್ಟಿಗೆ ನಡೆಸುತ್ತೇವೆಂದರೆ ಕೆಡುತ್ತದೆ. ಬ್ರೊಮಾಡಿಯೊಲೋನ್ ಎಂಬ ಇಲಿವಿಷ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ಓಡಾಡುತ್ತದೆ. ಅಂಥದ್ದೇ ಗೂಬೆಗೆ ಸುಲಭದ ತುತ್ತು, ಜೊತೆಗೆ ವಿಷವೂ ಅದರ ಹೊಟ್ಟೆ ಸೇರುತ್ತದೆ.

ಮೂಢನಂಬಿಕೆಯೇ ಗೂಬೆಯ ದೊಡ್ಡ ಶತ್ರು ಎಂಬುದು ಇನ್ನೊಂದು ವಾದ. ದೀಪಾವಳಿಯ ಹೊತ್ತಿನ ಗೂಬೆಗಳ ಕಳ್ಳವ್ಯಾಪಾರ ಸುಳ್ಳಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದ್ದೂ ನಡೆಯುತ್ತದೆ. ಆದರೂ ಈ ವಾದ ಅರ್ಧ ಸತ್ಯ ಎಂದೇ ನನ್ನ ಅಭಿಪ್ರಾಯ. ನಮ್ಮ ಬುಡಬುಡಿಕೆಯವರು ಶುಭ ನುಡಿಯುವುದೂ ಒಂದು ಪುಟ್ಟ ಗೂಬೆಯ ಹೆಸರಿನಲ್ಲೇ, ಹಾಲಕ್ಕಿಯ ಹೆಸರಿನಲ್ಲಿ! ನಿಜವಾದ ಕೊರತೆ ನೆಲೆಯದು: ಆ ಹಾಲಕ್ಕಿಗೆ ಗೂಡು ಕಟ್ಟಲು ಬಾರದು, ಪೊಟರೆ ಕೊರೆಯಲೂ ಬಾರದು. ಹಳೇ ಹುಣಸೆ, ಆಲ, ಹಿಪ್ಪೆಗಳಲ್ಲಿ ಕೊಂಬೆ ಮುರಿದು, ಕೊಳೆತು, ಪೊಟರೆಯಾಗಲು ದಶಕಗಳೇ ಬೇಕು. ರಸ್ತೆ ಅಗಲೀಕರಣಕ್ಕೆ, ಟ್ರ್ಯಾಕ್ಟರ್ ತಿರುಗಲೆಂದು ಬದುವಿನ ಮರ ಕಡಿದ ಊರಲ್ಲಿ ಗೂಬೆಯ ಮೇಲೆ ಎಷ್ಟೇ ಪ್ರೀತಿ ಇದ್ದರೂ ಅದು ಇರುವುದೆಲ್ಲಿ? ಮರದ ನೆರಳಿಗೆ ರಾಗಿ ಕುಗ್ಗುತ್ತದೆ ಎಂಬ ರೈತರ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಬದುವಿಗೊಂದರಂತೆ ಮರ ಬೇಕೆಂದು ಯಾರೂ ಕೇಳುತ್ತಿಲ್ಲ; ಪೊಟರೆಯಿರುವ ಒಂದು ಮುದಿ ಮರ ಮೂಲೆಯಲ್ಲಿ ಉಳಿದರೂ ಆದೀತು. ಕಡಿಯಲೇಬೇಕಾದರೆ ಬೇಸಿಗೆ ಕಳೆಯುವ ತನಕ ತಡೆಯಿರಿ. ಹಾಲಕ್ಕಿ ಮರಿ ಮಾಡುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ.