ಚೌಕಟ್ಟಿನ ಹೊರಗೆ ಯಾರು?

ಕಂಡದ್ದು ಕಂಡ ಹಾಗೇ ಮೂಡುವುದು ಫೋಟೋ ಅಂತ ನಮ್ಮನ್ನು ನಂಬಿಸಿದ್ದಾರೆ. ಸುಳ್ಳು. ಎಲ್ಲಿ ನಿಲ್ಲಬೇಕು, ಯಾರನ್ನು ಒಳಗೆ ತರಬೇಕು, ಯಾರನ್ನು ಆಚೆ ತಳ್ಳಬೇಕು ಎಂಬುದು ಗುಂಡಿ ಒತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಊರು ಕಟ್ಟಿದವರು ಕೇರಿಯ ಜಾಗ ತೀರ್ಮಾನಿಸಿದ ಹಾಗೆ.

ಮಧುಗಿರಿಯ ಏಕಶಿಲಾ ಬೆಟ್ಟದ ಚಿತ್ರಗಳನ್ನೇ ನೋಡಿ. ನಟ್ಟನಡುವೆ ಬಂಡೆ, ಮೇಲೊಂದು ತುಂಡು ಮೋಡ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಬೆಟ್ಟ ಅಂಗೈಯಗಲದ ಕಲ್ಲಾಗಿ ಕೂತಿರುತ್ತದೆ. ಯಾಕೆ? ಅಳೆದು ನೋಡಲು ಪಕ್ಕದಲ್ಲಿ ಒಂದು ನರಪಿಳ್ಳೆಯಿಲ್ಲ. ಸೌದೆ ಹೊರೆ ಹೊತ್ತವಳೊಬ್ಬಳು ಆ ದಾರಿಯಲ್ಲಿ ಬರುವವರೆಗೆ ಕಾಯಿರಿ. ಹಿಂದೆ ಸರಿದು ದೂರದಿಂದ ಜೂಮ್ ಮಾಡಿ. ಬೆಟ್ಟ ಅವಳ ಬೆನ್ನಿಗೇ ಬಂದು ನಿಲ್ಲುತ್ತದೆ. ಕ್ಯಾಮೆರಾ ಸೊಂಟದ ಕೆಳಗಿಳಿಸಿದರೆ ಅವಳ ತಲೆ ಆಕಾಶಕ್ಕೇರುತ್ತದೆ.

ಪಾವಗಡದ ತಿರುಮಣಿ ಕಡೆ ಕತೆಯೇ ಬೇರೆ. 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕು ಅಲ್ಲಿದೆ: 13,000 ಎಕರೆ, 2,050 ಮೆಗಾವ್ಯಾಟ್. ಡ್ರೋನ್ ಹಾರಿಸಿ ತೆಗೆದರೆ ಬಯಲುಸೀಮೆಯಲ್ಲಿ ನೀಲಿ ಕಡಲು! ಚಂದವೇ, ಇಲ್ಲ ಅನ್ನೋದಿಲ್ಲ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಅದೇ ನೆಲದಲ್ಲಿ ಕಡ್ಲೆಕಾಯಿ ಕಿತ್ತು ಕೂಲಿ ತರುತ್ತಿದ್ದ, ತುಂಡು ಭೂಮಿಯಿಲ್ಲದವರಿಗೆ ಗುತ್ತಿಗೆಯೆಲ್ಲಿಯದು? ಅವರು ಕರಾರಿನಲ್ಲೂ ಇಲ್ಲ, ಡ್ರೋನಿನ ಚಿತ್ರದಲ್ಲೂ ಇಲ್ಲ. ಅಷ್ಟು ಮೇಲಿಂದ ನೋಡಿದರೆ ಮನುಷ್ಯ ಇರುವೆಯೂ ಅಲ್ಲ. ಕೆಳಗಿಳಿದು ಮಂಡಿಯೂರಿ ನೋಡಿ ಸ್ವಾಮಿ. ಫಲಕಗಳ ಸಾಲು ಕಣ್ಣನ್ನು ಎಳೆದುಕೊಂಡು ಹೋಗುತ್ತದೆ. ಅದು ಹೋಗಿ ಮುಟ್ಟುವ ಕಡೆ, ಫಲಕ ತೊಳೆಯುವ ಹೆಂಗಸಿರಲಿ.

ಮುಂಬೈಯ ಸಫಾಯಿ ಕಾರ್ಮಿಕರನ್ನು ಅವರ ಕೆಲಸದ ಜಾಗಕ್ಕೇ ಹೋಗಿ ತೆಗೆದ ಸುಧಾರಕ ಓಲ್ವೆಗೆ 2016ರಲ್ಲಿ ಪದ್ಮಶ್ರೀ ಬಂತು. ಹತ್ತಿರ ಹೋಗುವುದೂ ಒಂದು ಸಂಯೋಜನೆಯೇ.

ಆದರೆ ಹತ್ತಿರ ಹೋದವರು ಏನು ಹುಡುಕುತ್ತಾರೆ? ಶಿರಾ ಸೀಮೆಯ ನಮ್ಮ ಕೇರಿಗೆ ಕ್ಯಾಮೆರಾ ತಂದವರಿಗೆಲ್ಲ ಬೇಕಾದದ್ದು ಬಿದ್ದ ಗೋಡೆ, ಹರಿದ ಸೀರೆ. ಮೊನ್ನೆ ಅವ್ವನ ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಸೆರಗು ಸರಿಮಾಡಿಕೊಂಡು, "ಹಿಂದ್ಗಡೆ ಗೋಡೆ ಬಿದ್ದೈತೆ ಕಣಪ್ಪ, ಅತ್ಲಾಗಿಂದ ತೆಗಿ" ಅಂದಳು. ಹಿನ್ನೆಲೆ ಅಂದರೇನು ಅಂತ ಅವಳಿಗೆ ಯಾವ ಮೇಷ್ಟ್ರೂ ಕಲಿಸಿಲ್ಲ.

ಮೂರು ಹೆಜ್ಜೆ ಎಡಕ್ಕೆ ಸರಿದೆ. ಹಿಂದೆ ಬೇವಿನ ಮರ ಬಂತು. ಮೊಬೈಲಿನ ಪರದೆಯನ್ನು ಮೂರು ಪಾಲು ಮಾಡುವ ಗೆರೆಗಳಲ್ಲಿ ಮೇಲಿನ ಗೆರೆಗೆ ಅವಳ ಕಣ್ಣು ಕೂರಿಸಿ, ಅವಳು ನೋಡುವ ದಿಕ್ಕಿಗೆ ಜಾಗ ಬಿಟ್ಟೆ. ಅವಳು ರಸ್ತೆ ನೋಡುತ್ತಿದ್ದಳು. ಕೂಲಿಯವರನ್ನು ತುಂಬಿಕೊಂಡು ಹೋಗುವ ಟೆಂಪೋ ಬರುವ ಹೊತ್ತಾಗಿತ್ತು.