ಕಂಬಳಿ ಬಿಡದ ರಾತ್ರಿ

ಒಂದು ಫ್ರೇಮಿಗೆ 47 ನಿಮಿಷ!

ಬಾಯಿಗೆ ಹೊರಟಿದ್ದ ಟೀ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಪರದೆಯ ಮೇಲೆ ನಮ್ಮ ಕರಡಿ ಹಿಂಗಾಲೂರಿ ಎದ್ದಿತ್ತು. ಮೈತುಂಬ ಜೋಲಾಡುವ ಕಪ್ಪು ಕೂದಲು, ಎದೆಯ ಮೇಲೆ ಬಿಳಿಯ ಗುರುತು, ಎದುರಿಗೆ ಒಡೆದ ಹುತ್ತ. ನೋಡಲು ಸೊಗಸು. ಆದರೆ ಅದರ ಕೆಳಗೆ ಮೂಡಿದ ಅಂಕಿ ನಮ್ಮ ಕುತ್ತಿಗೆಗೇ ಬಂದಿತ್ತು. ಶಾಟ್ 6 ಸೆಕೆಂಡಿನದು. ಸೆಕೆಂಡಿಗೆ 24 ಫ್ರೇಮ್‌ನಂತೆ 144 ಫ್ರೇಮ್. ಒಂದೊಂದನ್ನೂ ಬಿಡಿಸಲು 47 ನಿಮಿಷವೆಂದರೆ 6,768 ನಿಮಿಷ. ಇರುವುದು ಎರಡೇ ಕಂಪ್ಯೂಟರ್. ಎರಡೂ ಉಸಿರು ಬಿಡದೆ ದುಡಿದರೂ 56 ಗಂಟೆ ಬೇಕು.

ಗೋಡೆಯ ಗಡಿಯಾರದಲ್ಲಿ ರಾತ್ರಿ 8.40. ಬೆಳಿಗ್ಗೆ 9ಕ್ಕೆ ಶಾಟ್ ಕಳಿಸಬೇಕು.

ಬಸವನಗುಡಿಯ ಒಂದು ಹಳೇ ಮನೆಯ ಮಹಡಿಯಲ್ಲಿ ನಾವು ಇಬ್ಬರೇ ಇದ್ದೆವು. ಬೆಳಕಿನ ಕೆಲಸ ನನ್ನದು. ಕರಡಿಗೆ ಮೂರು ವಾರ ಕೂತು ಕೂದಲು ಬಾಚಿದವಳು ಹೊಸಪೇಟೆಯ ಹುಡುಗಿ. ಹಂಪಿಯ ಪಕ್ಕದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆಯಲ್ಲ, ಅಲ್ಲಿಯ ಬಂಡೆಗಳ ಮೇಲೆ ಸಂಜೆ ಇಳಿಯುವ ಕರಡಿಗಳನ್ನು ಚಿಕ್ಕಂದಿನಿಂದ ಕಂಡವಳು. ಕತ್ತು, ಹೆಗಲಿನ ಕೂದಲು ಹೇಗೆ ಕೆದರಿ ನಿಲ್ಲುತ್ತದೆ, ಮೂತಿಯ ಮೇಲಿನ ತೆಳು ರೋಮ ಎಷ್ಟು ಮಾಸಲು, ಎಲ್ಲವೂ ಅವಳ ಕಣ್ಣಲ್ಲಿತ್ತು. ಅದಷ್ಟನ್ನೂ ಅವಳು ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದೊಳಗೆ ಇಳಿಸಿದ್ದಳು. ಈಗ ಅದೇ ಕೂದಲು ನಮ್ಮನ್ನು ಮುಳುಗಿಸುತ್ತಿತ್ತು.

ಹೊಳೆಯಲ್ಲಿ ತೇಲಿ ಬಂದ ಕರಡಿಯನ್ನು ಕಂಬಳಿ ಅಂದುಕೊಂಡು ಹಿಡಿಯಲು ಹಾರಿದವನ ಕತೆ ಎಲ್ಲರಿಗೂ ಗೊತ್ತು. ದಡದಲ್ಲಿದ್ದವರು ಕಂಬಳಿ ಬಿಟ್ಟು ಬಾರೋ ಎಂದು ಕೂಗಿದರೆ, ನಾನು ಬಿಟ್ಟರೂ ಕಂಬಳಿ ನನ್ನನ್ನು ಬಿಡುತ್ತಿಲ್ಲ ಎಂದನಂತೆ. ಆ ರಾತ್ರಿ ಆ ಮನುಷ್ಯ ನಾನೇ.

ಹೆದರಿದವನು ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಸ್ಯಾಂಪಲ್‌ಗಳಿಗೆ ಕತ್ತರಿ. ಪ್ರತಿ ಪಿಕ್ಸೆಲ್‌ಗೆ 512 ಬಾರಿ ಕಿರಣ ಎಸೆಯುತ್ತಿದ್ದುದನ್ನು 64ಕ್ಕೆ ಇಳಿಸಿ ಗುಂಡಿ ಒತ್ತಿದೆ. ಎಂಟನೆಯ ಒಂದು ಪಾಲು ಕೆಲಸ. ಆರು ನಿಮಿಷದಲ್ಲಿ ಮುಗಿಯಬೇಕು ಎಂಬ ಲೆಕ್ಕ. ಆರಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಮುಗಿದಾಗ 25 ನಿಮಿಷ! ಮೇಲಾಗಿ ಕರಡಿಯ ಮೈಮೇಲೆಲ್ಲ ರಾಗಿ ಹಿಟ್ಟು ಚೆಲ್ಲಿದ ಹಾಗೆ ಚುಕ್ಕಿ. ಚುಕ್ಕಿಗೆ ಕಾರಣವಿತ್ತು. ಕೂದಲು ಪಿಕ್ಸೆಲ್‌ಗಿಂತ ತೆಳು. ಒಂದೇ ಪಿಕ್ಸೆಲ್ಲಿನೊಳಗೆ ಹತ್ತಾರು ಎಳೆ ತುರುಕಿಕೊಂಡಿರುತ್ತವೆ. ಒಂದು ಕಿರಣ ಹೊಳೆಯುವ ಎಳೆಗೆ ತಾಗಿದರೆ ಮತ್ತೊಂದು ನೆರಳಿನ ಎಳೆಗೆ. ಸರಾಸರಿ ಹದಕ್ಕೆ ಬರಬೇಕಾದರೆ ಸಾಕಷ್ಟು ಕಿರಣ ಬೇಕೇ ಬೇಕು.

ಆದರೆ ಸೋತ ಆ ಹೊಡೆತವೇ ನಮಗೆ ದಾರಿ ತೋರಿಸಿತು. ಕಾಗದದ ಮೇಲೆ ಎರಡು ಅಂಕಿ ಬರೆದೆ. 512ಕ್ಕೆ 47, 64ಕ್ಕೆ 25. ಕಳೆದರೆ 448 ಸ್ಯಾಂಪಲ್‌ಗೆ 22 ನಿಮಿಷ. ಅಂದರೆ 64 ಸ್ಯಾಂಪಲ್‌ಗೆ ಮೂರೇ ನಿಮಿಷ ಸಾಕು. ಉಳಿದ 22 ನಿಮಿಷ ಎಲ್ಲಿ ಹೋಯಿತು?

ಹುಡುಗಿ ಪರದೆಯ ಮೂಲೆಯ ಸಣ್ಣ ಅಕ್ಷರಗಳಿಗೆ ಬೆರಳಿಟ್ಟಳು. “ನೋಡ್ರಿ ಸರ್, ಇನ್ನೂ ಒಂದ ಕಿರಣನೂ ಬಿಟ್ಟಿಲ್ಲ ಅದು. ತಯಾರಿನ ಮುಗಿದಿಲ್ಲ.”

ಸರಿಯಾಗಿ ಹೇಳಿದ್ದಳು. ಶತ್ರು ಬಾಗಿಲಲ್ಲಿರಲಿಲ್ಲ, ಅಡುಗೆಮನೆಯಲ್ಲೇ ಕೂತಿದ್ದ. ಚಿತ್ರ ಬಿಡಿಸಲು ಶುರುಮಾಡುವ ಮೊದಲೇ, ಕೂದಲು ಬೆಳೆಸಿ ಜೋಡಿಸಿಡಲು ಯಂತ್ರ 22 ನಿಮಿಷ ನುಂಗುತ್ತಿತ್ತು. ಬರಿಯ ತಯಾರಿಯೇ 144 ಫ್ರೇಮಿಗೆ ಎರಡು ಯಂತ್ರದ ಮೇಲೆ 26 ಗಂಟೆ! ಸ್ಯಾಂಪಲ್ಲನ್ನು ಒಂದಕ್ಕೆ ಇಳಿಸಿದ್ದರೂ ನಾವು ಸಾಯುತ್ತಿದ್ದೆವು.

ಬೇಟೆ ಶುರುವಾಯಿತು. ಕರಡಿಯ ಚರ್ಮದ ಮೇಲೆ ಕೈಯಿಟ್ಟೆ. ಮೈ ನುಣುಪಾಗಲೆಂದು ಮೇಲ್ಮೈಯನ್ನು ಸೀಳುವ ಸಬ್‌ಡಿವಿಷನ್ ಎಂಬ ಸವಲತ್ತಿದೆ. ಕೆಲಸ ಮಾಡುವಾಗ ಅದು 1ರಲ್ಲಿತ್ತು. ಕೊನೆಯ ಚಿತ್ರ ಬಿಡಿಸುವ ರೆಂಡರ್‌ಗೆ ಎಷ್ಟಿದೆ ಎಂದು ನೋಡಿದರೆ 4! ಪ್ರತಿ ಮಟ್ಟದಲ್ಲೂ ಒಂದು ಚೌಕ ನಾಲ್ಕಾಗುತ್ತದೆ. ನಾಲ್ಕು ಮಟ್ಟಕ್ಕೆ ಒಂದು ಚೌಕ 256. ನಮ್ಮ ಕರಡಿಯ 20,000 ಚೌಕಗಳು 51 ಲಕ್ಷ ದಾಟಿದ್ದವು. ಯಾವ ಚರ್ಮಕ್ಕಾಗಿ? ಒತ್ತಾದ ಕೂದಲಿನಡಿ ಯಾರಿಗೂ ಕಾಣದ ಚರ್ಮಕ್ಕಾಗಿ! 4 ಅಳಿಸಿ 1 ಒತ್ತಿದೆ. ತಯಾರಿ 22ರಿಂದ 14ಕ್ಕೆ ಕುಸಿಯಿತು.

ಗಂಟೆ 9.35. ಇನ್ನೂ 14 ನಿಮಿಷ ತಿನ್ನುತ್ತಿರುವವರು ಯಾರು?

ಎಳೆಗಳನ್ನು ಎಣಿಸಿದೆವು. ಅವಳು ಕೈಯಾರೆ ಬಾಚಿದ ಮೂಲ ಕೂದಲು 40,000. ಒಂದೊಂದರ ಸುತ್ತ ರೆಂಡರ್ ಹೊತ್ತಿಗೆ ಹುಟ್ಟುವ ಮರಿಗೂದಲು 100. ಒಟ್ಟು 40 ಲಕ್ಷ. ಮನುಷ್ಯನ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ. ನಮ್ಮ ಕರಡಿ ನಲವತ್ತು ತಲೆಗಳ ಭಾರ ಹೊತ್ತಿತ್ತು. ಆದರೂ ಎಣಿಕೆಯೊಂದೇ ಕಳ್ಳನಲ್ಲ. ಒಂದೊಂದು ಎಳೆಯೂ ಎಷ್ಟು ತುಂಡುಗಳಿಂದ ಬಾಗುತ್ತದೆ ಎಂದು ಹೇಳುವ ಅಂಕಿ 6ರಲ್ಲಿತ್ತು. ಆರು ಅಂದರೆ ಆರು ತುಂಡಲ್ಲ, ಎರಡರ ಆರನೆಯ ಘಾತ: 64 ತುಂಡು. 40 ಲಕ್ಷ ಎಳೆ, ತಲಾ 64. ಇಪ್ಪತ್ತೈದೂವರೆ ಕೋಟಿ ತುಂಡು!

ಎದೆ ಝಲ್ಲೆಂದಿತು. ಒಂದು ಬಿಂದುವಿನ ಸ್ಥಾನ, ದಪ್ಪ ಬರೆದಿಡಲು 16 ಬೈಟ್ ಬೇಕು. ಬಿಂದುಗಳಿಗೇ ನಾಲ್ಕು ಜಿಬಿಗಿಂತ ಹೆಚ್ಚು. ಕಿರಣ ಎಲ್ಲಿ ಹುಡುಕಬೇಕೆಂದು ತೋರಿಸುವ ಪೆಟ್ಟಿಗೆಗಳ ಮರ ಅದರ ಮೇಲೆ. ನಮ್ಮ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆ 8 ಜಿಬಿ. ಅದು ತುಂಬಿ ತುಳುಕಿ ಕಂಪ್ಯೂಟರಿನ ಮಾಮೂಲಿ ಮೆಮೊರಿಗೆ ಚೆಲ್ಲುತ್ತಿತ್ತು. ಪ್ರತಿ ಕಿರಣವೂ ಊರಾಚೆಯ ಬಾವಿಗೆ ಹೋಗಿ ನೀರು ಹೊತ್ತು ತರುತ್ತಿತ್ತು.

“ಮೈಮ್ಯಾಲಿನ ಕೂದಲ ಗಿಡ್ಡ ಅದಾವ. ಮೂರಕ್ಕ ಇಳಸ್ರಿ. ಕತ್ತಿಂದು ಉದ್ದ, ಅದಕ್ಕ ನಾಕು ಇರಲಿ,” ಎಂದಳು ಹುಡುಗಿ. ಮೈಯ 30 ಲಕ್ಷ ಎಳೆಗೆ ತಲಾ 8, ಕತ್ತಿನ 10 ಲಕ್ಷಕ್ಕೆ ತಲಾ 16. ಒಟ್ಟು 4 ಕೋಟಿ. ಕತ್ತಿಗೆ ಇನ್ನೂ ಕಡಿಮೆ ಮಾಡಬಾರದಿತ್ತು. ಬಿದಿರಿನ ಗಳುವನ್ನು ಓರೆಯಾಗಿ ಪೆಟ್ಟಿಗೆಗೆ ಹಾಕಿದರೆ ಪೆಟ್ಟಿಗೆ ಬಹುಪಾಲು ಖಾಲಿ. ಉದ್ದನೆಯ ತುಂಡುಗಳಿಗೂ ಅದೇ ಗತಿ. ಖಾಲಿ ಪೆಟ್ಟಿಗೆಗಳು ಒಂದರೊಳಗೊಂದು ಸಿಕ್ಕಿಕೊಂಡರೆ ಕಿರಣ ಎಲ್ಲದರ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಮತ್ತೆ ರೆಂಡರ್. ಉಸಿರು ಬಿಗಿಹಿಡಿದೆವು. ತಯಾರಿ 2 ನಿಮಿಷ! ಪೂರ್ತಿ 512 ಸ್ಯಾಂಪಲ್ 14 ನಿಮಿಷ! 47 ಇದ್ದದ್ದು 16ಕ್ಕೆ ಬಂತು. ಗಂಟೆ 10.10.

ಇಲ್ಲೇ ನನಗೆ ದುರಾಸೆ ಹುಟ್ಟಿತು. ಮೂಲ ಕೂದಲನ್ನೇ ಅರ್ಧ ಮಾಡಿದರೆ? ಎಣಿಕೆಯ ಅಂಕಿ ಬದಲಾಗಲಿಲ್ಲ. ಬಾಚಿದ ಕೂದಲಿಗೆ ಬೀಗ ಬಿದ್ದಿರುತ್ತದೆ. ಬೀಗದ ಪಕ್ಕದಲ್ಲೇ ಒಂದು ಗುಂಡಿ: ಡಿಲೀಟ್ ಎಡಿಟ್. ಓದಿದೆ, ಅರ್ಥ ಮಾಡಿಕೊಳ್ಳದೆ ಒತ್ತಿದೆ. ಅಂಕಿ ಇಳಿಸಿದೆ. ಸೇವ್ ಮಾಡಿ, ಮೆಮೊರಿ ಹಗುರವಾಗಲೆಂದು ಫೈಲ್ ಮುಚ್ಚಿ ತೆರೆದೆ.

ಪರದೆಯ ಮೇಲೆ ಕರಡಿ ಇರಲಿಲ್ಲ. ಮುಳ್ಳುಹಂದಿ ನಿಂತಿತ್ತು!

ಪ್ರತಿ ಕೂದಲೂ ಚರ್ಮದಿಂದ ನೆಟ್ಟಗೆ ಸೆಟೆದಿತ್ತು. ಮೂರು ವಾರದ ಬಾಚಣಿಗೆ ಕೆಲಸ ಒಂದು ಗುಂಡಿಗೆ ಬಲಿ. ಫೈಲ್ ಮುಚ್ಚಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ಕೈ ತಣ್ಣಗಾಯಿತು. ಕಕ್ಕಾಬಿಕ್ಕಿಯಾದ ಬೆರಳುಗಳು ಅಭ್ಯಾಸಬಲದಿಂದ ಮತ್ತೆ ಸೇವ್ ಕಡೆಗೆ ಹೊರಟವು.

“ನಿಲ್ರೀ ಸರ್! ಸೇವ್ ಒತ್ತಬ್ಯಾಡ್ರಿ!”

ಅವಳು ನನ್ನ ಮಣಿಕಟ್ಟನ್ನೇ ಹಿಡಿದಿದ್ದಳು. ಬ್ಲೆಂಡರ್ ಪ್ರತಿ ಬಾರಿ ಉಳಿಸುವಾಗ ಹಳೆಯ ಫೈಲನ್ನು ಎಸೆಯದೆ, ಹೆಸರಿನ ಕೊನೆಗೆ 1 ಸೇರಿಸಿ ಪಕ್ಕಕ್ಕಿಡುತ್ತದೆ. ಹಾಗೆ ಇಡುವುದು ಒಂದೇ ಒಂದನ್ನು. ಇನ್ನೊಮ್ಮೆ ಉಳಿಸಿದ್ದರೆ ಆ ಜಾಗಕ್ಕೂ ಮುಳ್ಳುಹಂದಿಯೇ ಬಂದು ಕೂರುತ್ತಿತ್ತು. ಫೋಲ್ಡರ್ ತೆರೆದೆವು. ಇತ್ತು! ಕೊನೆಯ ಆ 1 ಅಳಿಸಿ, ಹೊಸ ಹೆಸರಿಟ್ಟು ತೆರೆದೆವು. ಕರಡಿ ಕೆದರಿದ ಹೆಗಲಿನೊಡನೆ ಎದ್ದು ನಿಂತಿತು. ಕೂದಲೆಳೆಯ ಅಂತರದಲ್ಲಿ ಪಾರಾದೆವು ಅನ್ನುತ್ತಾರಲ್ಲ, ನಾವು ಪಾರಾದದ್ದು 40,000 ಕೂದಲೆಳೆಯ ಅಂತರದಲ್ಲಿ.

ಅವಳು ಬೈಯಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದಳು. “ಇನ್ನ ಒಂದ ಸಲಕ್ಕ ಒಂದ ಬದಲಾವಣಿ ಸರ್. ಪ್ರತಿ ಸಲ ಹೊಸ ಹೆಸರು,” ಎಂದಳು. ಆ ರಾತ್ರಿಯ ಆಜ್ಞೆ ಅವಳದಾಯಿತು.

11 ಗಂಟೆ. ಉಳಿದದ್ದು ಬೆಳಕಿನ ಕಾಡು. ಕೂದಲಿನ ತುದಿ ಮೆದುವಾಗಿ ಕಾಣಲೆಂದು ನಾನೇ ಅಲ್ಲಿ ಪಾರದರ್ಶಕತೆ ಬೆರೆಸಿದ್ದೆ. ಅದರ ಬೆಲೆ ಈಗ ಕಂಡಿತು. ಎಳೆಗೆ ತಾಗಿದ ಕಿರಣ ಅಲ್ಲಿ ನಿಲ್ಲುವಂತಿಲ್ಲ; ದಾಟಿ ಮುಂದಿನ ಎಳೆಗೆ, ಅದನ್ನೂ ದಾಟಿ ಇನ್ನೊಂದಕ್ಕೆ. ನಾನು ಕೊಟ್ಟಿದ್ದ ಮಿತಿ 64 ದಾಟು. ನೆರಳು ಹುಡುಕುವ ಕಿರಣಕ್ಕೂ ಅದೇ ಪಾಡು. ಪಾರದರ್ಶಕತೆ ಕಿತ್ತೆ; ತುದಿಯ ದಪ್ಪವನ್ನೇ ಸೊನ್ನೆಗೆ ಇಳಿಸಿದೆ. ಕಣ್ಣಿಗೆ ಅದೇ ಮೆದು. 14 ನಿಮಿಷ 7 ಆಯಿತು.

ಮುಂದೆ ಪುಟಿತಗಳು. ಬೆಳಕು ಕೂದಲಿಂದ ಕೂದಲಿಗೆ 12 ಬಾರಿ ಜಿಗಿಯಲಿ ಎಂದಿತ್ತು. ಬಿಳಿಗೂದಲಿಗೆ ಅದು ಬೇಕು. ಎಳೆಯ ಒಳಹೊಕ್ಕು ಹೊರಬಂದ ಬೆಳಕೇ ಅದರ ಬಣ್ಣ. ಕಪ್ಪು ಕೂದಲು ಎರಡು ಮೂರು ಜಿಗಿತಕ್ಕೇ ಬೆಳಕನ್ನು ಕುಡಿದುಬಿಡುತ್ತದೆ. ನಮ್ಮದು ಕರಿಕರಡಿ! 4ಕ್ಕೆ ಇಳಿಸಿದೆವು. ಮಾಸಲು ಮೂತಿ ಸ್ವಲ್ಪ ಕಂದಿತು. ಅದರ ಬಣ್ಣವನ್ನು ಒಂದು ಛಾಯೆ ತಿಳಿ ಮಾಡಿ ಸರಿಪಡಿಸಿದಳು. ಎಳೆಗಳನ್ನು ಪೂರ್ತಿ ಕೊಳವೆಯಾಗಿ ಲೆಕ್ಕ ಹಾಕುತ್ತಿದ್ದುದನ್ನು ನಿಲ್ಲಿಸಿ, ದುಂಡಗೆ ತೋರುವ ಚಪ್ಪಟೆ ಪಟ್ಟಿಗಳಾಗಿಸಿದೆವು. ಸ್ಯಾಂಪಲ್ 256ಕ್ಕೆ ತಂದು ಉಳಿದ ಚುಕ್ಕಿ ಒರೆಸಲು ಡಿನಾಯ್ಸರ್ ಹಚ್ಚಿದೆವು. 64 ಸ್ಯಾಂಪಲ್‌ನ ಮೇಲೆ ಹಚ್ಚಿದಾಗ ಎಣ್ಣೆ ಸವರಿದಂತೆ ಎಳೆಗಳೆಲ್ಲ ಅಂಟಿಕೊಂಡಿದ್ದವು. 256ರಲ್ಲಿ ಬಿಡಿಬಿಡಿಯಾಗಿ ನಿಂತವು.

1.15ಕ್ಕೆ ಕೊನೆಯ ಪರೀಕ್ಷೆ: ಐದೂವರೆ ನಿಮಿಷ! 144 ಫ್ರೇಮ್, ಎರಡು ಯಂತ್ರ, ಆರು ಗಂಟೆ 36 ನಿಮಿಷ. 1.20ಕ್ಕೆ ಹಚ್ಚಿದರೆ 7.56ಕ್ಕೆ ದಡ.

ಕಾಯುತ್ತ ಕೂತಾಗ ಹಳಬರ ನೆನಪಾಯಿತು. 1989ರಲ್ಲಿ ಜೇಮ್ಸ್ ಕಾಜಿಯಾ ಮತ್ತು ತಿಮೊತಿ ಕೇ ಕಂಪ್ಯೂಟರಿನಲ್ಲಿ ತುಪ್ಪಳ ಮೂಡಿಸಿ ತೋರಿಸಿದರಲ್ಲ, ಅದೂ ಒಂದು ಕರಡಿಯೇ, ಆಟಿಕೆಯ ಟೆಡ್ಡಿ. 2001ರ ‘ಮಾನ್‌ಸ್ಟರ್ಸ್ ಇಂಕ್’ ಚಿತ್ರದಲ್ಲಿ ಪಿಕ್ಸಾರ್‌ನವರ ಸಲ್ಲಿ ಎಂಬ ಪಾತ್ರಕ್ಕೆ 23 ಲಕ್ಷಕ್ಕೂ ಹೆಚ್ಚು ಕೂದಲು. ಅವನಿದ್ದ ಫ್ರೇಮಿಗೆ ಹನ್ನೊಂದು ಹನ್ನೆರಡು ಗಂಟೆ ಹಿಡಿಯುತ್ತಿತ್ತು. ಕೂದಲಿನಂಥವುಗಳ ನೆರಳಿಗೆ ಅಲ್ಲಿಯವರು ಹೊಸ ವಿಧಾನ ಕಂಡುಹಿಡಿದು 2000ದಲ್ಲಿ ಪ್ರಕಟಿಸಿದ್ದರು. ಅವರೂ ಇದೇ ಹೊಳೆಗೆ ಹಾರಿದವರು ಎಂದು ಸ್ವಲ್ಪ ಸಮಾಧಾನವಾಯಿತು.

3.13. ಫಟ್! ಕತ್ತಲೆ!

ಕರೆಂಟ್ ಹೋಗಿತ್ತು. ಒಂದು ಯಂತ್ರ ಯುಪಿಎಸ್ ಮೇಲೆ ಕೀಚುಗುಡುತ್ತ ಬದುಕಿತು, ಇನ್ನೊಂದು ಸತ್ತಿತು. ಟಾರ್ಚ್ ಹಿಡಿದು ಮೆಟ್ಟಿಲಿಳಿದು ಜನರೇಟರ್ ಹಗ್ಗ ಎಳೆದೆ. ಒಮ್ಮೆ, ಎರಡು ಸಲ, ಏಳನೆಯ ಸಲ ಗುಡುಗಿತು. 25 ನಿಮಿಷ ನಷ್ಟ. ನೇರವಾಗಿ ವಿಡಿಯೋ ಫೈಲಿಗೆ ಬರೆಸಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ಬಿಡಿಬಿಡಿ ಚಿತ್ರಗಳಾಗಿ ಬರೆಸಿದ್ದರಿಂದ ಮುಗಿದವು ಉಳಿದವು. ಎರಡೂ ಯಂತ್ರ ಒಂದೇ ಫೋಲ್ಡರಿನಿಂದ ಕೆಲಸ ಹಂಚಿಕೊಳ್ಳುತ್ತಿದ್ದವು: ಹಿಡಿದ ಫ್ರೇಮಿನ ಹೆಸರಲ್ಲಿ ಖಾಲಿ ಫೈಲಿಟ್ಟು ಜಾಗ ಕಾಯ್ದಿರಿಸು, ಹೆಸರಿದ್ದರೆ ಮುಂದಿನದಕ್ಕೆ ಹೋಗು.

8.07ಕ್ಕೆ ಎರಡೂ ನಿಂತವು. 144 ಫೈಲ್. ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹುಡುಗಿ ಕೂಗಿದಳು: “ಸರ್, ನಲವತ್ತೆರಡು!” 42ನೆಯ ಫೈಲಿನ ಗಾತ್ರ ಸೊನ್ನೆ. ಸತ್ತ ಯಂತ್ರ ಕಾಯ್ದಿರಿಸಿದ ಜಾಗ ಹಾಗೇ ಉಳಿದಿತ್ತು. ಹೆಸರಿದೆಯಲ್ಲ ಎಂದು ಬದುಕಿದ ಯಂತ್ರ ದಾಟಿ ಹೋಗಿತ್ತು. ಅಳಿಸಿದೆ, ಒತ್ತಿದೆ. ಐದೂವರೆ ನಿಮಿಷ. ಅಷ್ಟು ಉದ್ದನೆಯ ಐದೂವರೆ ನಿಮಿಷವನ್ನು ನಾನು ಬದುಕಿನಲ್ಲಿ ಕಂಡಿಲ್ಲ.

8.40ಕ್ಕೆ ಶಾಟ್ ಹೋಯಿತು. ಆ ಭಯಂಕರ ಅಂಕಿ ಕಂಡು ಸರಿಯಾಗಿ ಹನ್ನೆರಡು ಗಂಟೆ.

ಹೊಸ ಕಾರ್ಡ್ ಕೊಳ್ಳಲಿಲ್ಲ, ಒಂದು ಎಳೆಯನ್ನೂ ಕತ್ತರಿಸಲಿಲ್ಲ. 40 ಲಕ್ಷ ಕೂದಲೂ ಕರಡಿಯ ಮೈಮೇಲೆ ಹಾಗೇ ಇದ್ದವು. ಕಂಬಳಿಯ ಮೇಲೆ ಉಣ್ಣಲು ಕೂತು ಕೂದಲು ಆರಿಸಬಾರದು ಎನ್ನುತ್ತಾರೆ. ನಾವು ಆರಿಸಿದ್ದು ಕೂದಲನ್ನಲ್ಲ, ಅದರೊಳಗೆ ನಾವೇ ಬಚ್ಚಿಟ್ಟು ಮರೆತ ಅಂಕಿಗಳನ್ನು. ನಿಮ್ಮ ಕರಡಿಯೂ ನಿಮ್ಮನ್ನು ಹಿಡಿದು ಮುಳುಗಿಸುತ್ತಿದ್ದರೆ ಕತ್ತರಿ ಹುಡುಕಬೇಡಿ. ಹೊತ್ತು ಎಲ್ಲಿ ಸೋರುತ್ತಿದೆ ಎಂದು ಮೊದಲು ಅಳೆಯಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದಕ್ಕೂ ಮುಂಚೆ, ಫೈಲನ್ನು ಹೊಸ ಹೆಸರಲ್ಲಿ ಉಳಿಸಿಕೊಳ್ಳಿ.